ಹುಬ್ಬಳ್ಳಿಯ ಸಂಪಾದಕರಿಗೊಂದು ಬಹಿರಂಗ ಪತ್ರ: ವರದಿಗಾರರಿಗೆ ವಾರದಲ್ಲಿ ಒಂದು ಖಾಲಿ ದಿನ ಕೊಡಿ

ಹುಬ್ಬಳ್ಳಿಯಿಂದ ಹೊರಡುವ ಎಲ್ಲ ಕನ್ನಡ ದಿನಪತ್ರಿಕೆಗಳ ಸ್ಥಾನಿಕ ಸಂಪಾದಕರಿಗೆ ಮತ್ತು ಮುಖ್ಯ ವರದಿಗಾರರಿಗೆ,

ಮಾನ್ಯರೇ,

ಪತ್ರಿಕಾ ದಿನಾಚರಣೆಯ ಆಮಂತ್ರಣಗಳು ಅಚ್ಚಾಗುವ ಹೊತ್ತು ಇದು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದದ್ದನ್ನು ಮುಖ್ಯ ಅತಿಥಿಗಳು ಈ ವರ್ಷವೂ ನೆನೆಯುತ್ತಾರೆ. 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ ‘ಕರ್ಮವೀರ’, ಮೊಹರೆ ಹಣಮಂತರಾಯರ ಸಂಪಾದಕೀಯಗಳು, ಪಾಟೀಲ ಪುಟ್ಟಪ್ಪನವರು 1954ರಲ್ಲಿ ಹುಬ್ಬಳ್ಳಿಯಿಂದ ಹೊರಡಿಸಿದ ‘ಪ್ರಪಂಚ’, ಎಲ್ಲವೂ ಭಾಷಣದಲ್ಲಿ ಬಂದು ಹೋಗುತ್ತವೆ. ಕಾರ್ಯಕ್ರಮ ಹಾವೇರಿಯಲ್ಲಾದರೆ ಕೊರಳಿಗೆ ಏಲಕ್ಕಿ ಹಾರವೂ ಬೀಳುತ್ತದೆ. ಮರುದಿನ ನಿಮ್ಮೆಲ್ಲರ ಪತ್ರಿಕೆಗಳಲ್ಲೂ ಒಂದೇ ಚಿತ್ರ: ದೀಪ ಬೆಳಗಿಸುತ್ತಿರುವ ಗಣ್ಯರು.

ಆ ಗದ್ದಲ ಶುರುವಾಗುವ ಮುಂಚೆ ನನ್ನದೊಂದು ಅಹವಾಲು. ನಿಮ್ಮ ಪ್ರತಿಯೊಬ್ಬ ವರದಿಗಾರರಿಗೂ ವಾರದಲ್ಲಿ ಒಂದು ದಿನ ಪತ್ರಿಕಾಗೋಷ್ಠಿ, ಉದ್ಘಾಟನೆ, ಸಚಿವರ ಪ್ರವಾಸ ಯಾವುದನ್ನೂ ವಹಿಸಬೇಡಿ. ಸಂಜೆ ‘ಇವತ್ತು ಎಷ್ಟು ಐಟಂ ಕೊಟ್ಟಿರಿ’ ಎಂದು ಕೇಳಬೇಡಿ. ಅವರು ಬಸ್ಸಿನಲ್ಲಿ ಕೂರಲಿ, ಸಂತೆಗೆ ಹೋಗಲಿ, ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ ನಿಲ್ಲಲಿ, ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರಲಿ.

ನಾನು ಬಹಳ ವರ್ಷ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕುಳಿತು ನಿವೃತ್ತನಾದವನು. ಈಗ ಧಾರವಾಡದಲ್ಲಿದ್ದೇನೆ. ಬೆಳಿಗ್ಗೆ ಚಹಾದೊಂದಿಗೆ ನಿಮ್ಮ ಪತ್ರಿಕೆಗಳನ್ನು ಒಂದರ ಪಕ್ಕ ಒಂದು ಹರವಿಕೊಂಡು ಓದುವ ಚಟ ಬಿಟ್ಟಿಲ್ಲ. ಹಾಗೆ ಓದಿದಾಗಲೇ ಗೊತ್ತಾಗುವುದು, ಸ್ಥಳೀಯ ಪುಟಗಳು ಒಂದೇ ಕೈಯಿಂದ ಬಂದಂತಿವೆ. ಬಂದದ್ದೂ ಒಂದೇ ಕೈಯಿಂದಲೇ. ವಾರ್ತಾ ಇಲಾಖೆಯ ವಾಟ್ಸ್ಆ್ಯಪ್ ಗುಂಪು, ಪಕ್ಷಗಳ ಗುಂಪು, ಪೊಲೀಸ್ ಗುಂಪು, ಮಠಗಳ ಗುಂಪು. ಟಿಪ್ಪಣಿ ಬರುತ್ತದೆ, ಚಿತ್ರ ಬರುತ್ತದೆ, ಶೀರ್ಷಿಕೆ ಬದಲಾಗುತ್ತದೆ, ಪುಟ ತುಂಬುತ್ತದೆ. ಇದಕ್ಕೆ ನಾನು ವರದಿಗಾರರನ್ನು ದೂರುವುದಿಲ್ಲ. ಮೂರು ಬೀಟ್‌ಗಳನ್ನು, ಅಂದರೆ ಮೂರು ವರದಿ ಕ್ಷೇತ್ರಗಳನ್ನು, ಒಬ್ಬರೇ ನೋಡಿಕೊಂಡು, ಜೊತೆಗೆ ಜಾಲತಾಣಕ್ಕೆ ವಿಡಿಯೋ ಕಳುಹಿಸಬೇಕಾದವರಿಗೆ ಗುಂಪಿನಲ್ಲಿ ಬಂದದ್ದೇ ಗತಿ.

ಪತ್ರಿಕೋದ್ಯಮ ಓದುವ ಮಕ್ಕಳೊಂದಿಗೆ ಆಗಾಗ ಮಾತನಾಡುವ ಅವಕಾಶ ಸಿಗುತ್ತದೆ. ಅವರು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ‘ಸರ್, ಸ್ಟೋರಿ ಎಲ್ಲಿ ಸಿಗುತ್ತದೆ?’ ದೊಡ್ಡ ಅಧಿಕಾರಿಯ ಸ್ನೇಹ, ಮಂತ್ರಿಯ ಆಪ್ತ ಸಹಾಯಕನ ಫೋನ್ ನಂಬರ್ ಎಂಬಂಥ ಉತ್ತರವನ್ನು ಅವರು ನಿರೀಕ್ಷಿಸುತ್ತಾರೆ. ನಾನು ಅಂದಿನ ಪತ್ರಿಕೆಯ ಒಳಪುಟ ಬಿಚ್ಚಿ, ಓದುಗರು ಯಾರೂ ಓದದ ಒಂದು ಜಾಹೀರಾತು ತೋರಿಸುತ್ತೇನೆ. ಚಿನ್ನದ ಸಾಲದ ಹರಾಜು ಪ್ರಕಟಣೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಶಾಖೆಯ ಹೆಸರು, ಖಾತೆಯ ಸಂಖ್ಯೆಗಳು, ಹರಾಜಿನ ದಿನಾಂಕ.

ಈ ಪ್ರಕಟಣೆ ನಿಮ್ಮ ಪತ್ರಿಕೆಗೆ ಪ್ರೀತಿಯಿಂದ ಬಂದದ್ದಲ್ಲ. ಅಡವಿಟ್ಟ ಚಿನ್ನವನ್ನು ಹರಾಜು ಹಾಕುವ ಮುನ್ನ ಬ್ಯಾಂಕೇತರ ಹಣಕಾಸು ಕಂಪನಿಗಳು ಕನಿಷ್ಠ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಮನೆ ಮಳಿಗೆ ಜಪ್ತಿಯಾದಾಗಲೂ ಹಾಗೆಯೇ: ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯ ಅಡಿ ಬ್ಯಾಂಕು ಸ್ವತ್ತನ್ನು ಸ್ವಾಧೀನಕ್ಕೆ ಪಡೆದರೆ ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ನೋಟಿಸು ಬರಲೇಬೇಕು. ಅಂದರೆ ನಮ್ಮ ಸೀಮೆಯ ಕುಟುಂಬಗಳು ಎಲ್ಲೆಲ್ಲಿ ಕುಸಿಯುತ್ತಿವೆ ಎಂಬ ಪಟ್ಟಿ ಕಾನೂನಿನ ಒತ್ತಾಯದಿಂದಲೇ ನಿಮ್ಮ ಮೇಜಿಗೆ ಬರುತ್ತಿದೆ. ಜಾಹೀರಾತು ವಿಭಾಗ ಅದರ ಅಳತೆ ನೋಡಿ ಬಿಲ್ ಮಾಡುತ್ತದೆ. ಸುದ್ದಿ ವಿಭಾಗ ಅದನ್ನು ಓದುವುದೇ ಇಲ್ಲ.

ಓದಿದರೆ ಏನಾಗುತ್ತದೆ? ಗದಗ, ಧಾರವಾಡ ಜಿಲ್ಲೆಗಳ ಎರೆಭೂಮಿಯಲ್ಲಿ ಮುಂಗಾರಿನ ಮೊದಲ ಬೆಳೆ ಹೆಸರು. ಜೂನ್‌ನಲ್ಲಿ ಬಿತ್ತಿದರೆ ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಬೀಜ ಗೊಬ್ಬರಕ್ಕೆಂದು ಮನೆಯವಳ ಬೋರಮಾಳ ಸರ ಅಡವಿಗೆ ಹೋಗುವುದು ಮೇ, ಜೂನ್‌ನಲ್ಲಿ. ಹೆಸರು ಮಾರಿದ ದುಡ್ಡಿನಲ್ಲಿ ಬಿಡಿಸಿಕೊಂಡು ಬರುತ್ತೇವೆ ಎಂಬ ಮಾತಿನ ಮೇಲೆ. ಆಗಸ್ಟ್‌ನಲ್ಲಿ ಕಾಯಿ ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದರೆ ಗಿಡದಲ್ಲೇ ಕಾಳು ಮೊಳೆಯುತ್ತದೆ, ಬಣ್ಣಗೆಟ್ಟ ಹೆಸರನ್ನು ಖರೀದಿ ಕೇಂದ್ರದವರು ಮುಟ್ಟುವುದಿಲ್ಲ. ಆಗ ನೀವು ‘ಮಳೆಗೆ ಹೆಸರು ಬೆಳೆ ಹಾನಿ, ರೈತ ಕಂಗಾಲು’ ಎಂದು ಬರೆಯುತ್ತೀರಿ. ಸರಿಯೇ. ಆದರೆ ಆ ಕಂಗಾಲಿನ ಲೆಕ್ಕ ಮುಗಿಯುವುದು ಮುಂದಿನ ವರ್ಷ, ಅಣ್ಣಿಗೇರಿಯದೋ ಮುಂಡರಗಿಯದೋ ಶಾಖೆಯ ಹೆಸರಿನ ಕೆಳಗೆ ಸಾಲಾಗಿ ನಿಂತ ಖಾತೆ ಸಂಖ್ಯೆಗಳಲ್ಲಿ. ಒಂದು ವರ್ಷದ ಪ್ರಕಟಣೆಗಳನ್ನು ಶಾಖೆವಾರು, ತಿಂಗಳುವಾರು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ. ಚಿನ್ನದ ಬೆಲೆ ಗಗನದಲ್ಲಿರುವಾಗಲೂ ತನ್ನ ಸರವನ್ನು ಬಿಡಿಸಿಕೊಳ್ಳಲಾಗದೆ ಹರಾಜಿಗೆ ಬಿಟ್ಟವರಿದ್ದಾರೆಂದರೆ ಅವರ ಕೈಯಲ್ಲಿ ಬಡ್ಡಿಗೂ ಕಾಸಿಲ್ಲ ಎಂದೇ ಅರ್ಥ. ಯಾವ ಊರುಗಳಲ್ಲಿ ಆ ಸಾಲು ಉದ್ದವಾಗುತ್ತಿದೆ ಎಂಬುದು ಯಾವ ಸಚಿವರೂ ಪತ್ರಿಕಾಗೋಷ್ಠಿಯಲ್ಲಿ ಹೇಳದ ಸುದ್ದಿ. ಅದಕ್ಕೆ ಬೇಕಾದದ್ದು ಕತ್ತರಿ, ವಹಿ, ಮತ್ತು ನಾನು ಬೇಡುತ್ತಿರುವ ಆ ಒಂದು ದಿನ.

ಅದೇ ಪುಟದಲ್ಲಿ ಇನ್ನೊಂದು ಬಗೆಯ ನೋಟಿಸು ಬರುತ್ತದೆ. ಗಣಿ, ಕಾರ್ಖಾನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಯುವ ಸಾರ್ವಜನಿಕ ವಿಚಾರಣೆಯದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಟ್ಟು ಪ್ರಾದೇಶಿಕ ಭಾಷೆಯಲ್ಲೂ ಪ್ರಕಟಿಸಬೇಕು. ವಿಚಾರಣೆಯ ದಿನ ಜಗಳವಾದರೆ ನಮ್ಮ ವರದಿಗಾರರು ಓಡುತ್ತಾರೆ. 30 ದಿನ ಮೊದಲೇ ಓಡಬಹುದಿತ್ತು.

ಈಗ ನನಗೆ ನಿಜವಾಗಿ ಹೇಳಬೇಕಿರುವುದಕ್ಕೆ ಬರುತ್ತೇನೆ. ‘ದಿನನಿತ್ಯದ ಬದುಕಿನ ಸುದ್ದಿ’ ಎಂದ ಕೂಡಲೇ ನಿಮ್ಮಲ್ಲಿ ಕೆಲವರ ಮುಖದಲ್ಲಿ ಮೂಡುವ ಭಾವ ನನಗೆ ಗೊತ್ತು. ಭಾನುವಾರದ ಪುರವಣಿಗೆ ಆಗುತ್ತದೆ, ಒಳ್ಳೆಯ ಫೋಟೊ ಇದ್ದರೆ ನೋಡೋಣ. ಅಂದರೆ ನಿಮ್ಮ ಲೆಕ್ಕದಲ್ಲಿ ಅದು ಮೃದು ಸುದ್ದಿ, ಮುಖಪುಟದ್ದಲ್ಲ. ಈ ಲೆಕ್ಕ ತಪ್ಪು ಎಂಬುದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ, ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ರಾಜ್ಯದ ರೈತ ಚಳವಳಿಯ ದಿಕ್ಕನ್ನೇ ಬದಲಿಸಿದ ದಿನ ಅದು. ಆದರೆ ಸಿಟ್ಟು ಅಂದು ಬೆಳಿಗ್ಗೆ ಹುಟ್ಟಿದ್ದಲ್ಲ. ಮಲಪ್ರಭಾ ಕಾಲುವೆಯ ನೀರು ನೆಟ್ಟಗೆ ಬಾರದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಎಂಬ ಕರ ಕಟ್ಟಬೇಕೆಂಬ ತಗಾದೆ ಮನೆಮನೆಗೆ ಬರುತ್ತಿತ್ತು. ಆ ತಗಾದೆ ಚೀಟಿಯೇ ಮೊದಲ ಸುದ್ದಿ. ಗುಂಡು ಹಾರಿದ್ದು ಆಮೇಲಿನದು.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ತೀರಿಕೊಂಡರು. ರಾಷ್ಟ್ರಮಟ್ಟದ ಕ್ಯಾಮೆರಾಗಳೆಲ್ಲ ಹಾವೇರಿಗೆ ಬಂದವು. ಅದಕ್ಕೂ ಮುನ್ನ ಅಂಗಡಿಗಳ ಎದುರು ಸರದಿ ಇತ್ತು. ಸರದಿಯಲ್ಲಿ ನಿಂತವರ ಚಪ್ಪಲಿಗಳಿದ್ದವು, ಕಲ್ಲುಗಳಿದ್ದವು. ನಸುಕಿನಲ್ಲಿ ಬಂದು ತನ್ನ ಜಾಗಕ್ಕೆ ಗುರುತಾಗಿ ಕಲ್ಲಿಟ್ಟು ಚಹಾ ಕುಡಿಯಲು ಹೋಗುವ ರೈತನನ್ನು ಮುಂಗಾರಿನ ದಿನಗಳಲ್ಲಿ ಯಾವ ತಾಲ್ಲೂಕು ಕೇಂದ್ರದಲ್ಲೂ ಕಾಣಬಹುದು. ಎಷ್ಟು ಲಾರಿ ಬಂತು, ಎಷ್ಟು ಚೀಲ ಇಳಿಯಿತು, ಸರದಿಯ ಎಷ್ಟನೆಯವನಿಗೆ ಬಾಗಿಲು ಹಾಕಿತು ಎಂದು ಎಣಿಸುವ ವರದಿಗಾರನಿಗೆ ಅಲ್ಲಿ ಮುಂದಿನ ವಾರದ ಮುಖಪುಟ ಕಾಣಿಸಬೇಕು.

ಇನ್ನು 2024ರ ಮಾರ್ಚ್ 11. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯ ಚಿತ್ರಗಳು ಎಲ್ಲ ಕಡೆ ಬಂದವು. ಬ್ಯಾಡಗಿಯಲ್ಲಿ ಪೇಟೆ ಸೇರುವುದು ಸೋಮವಾರ ಮತ್ತು ಗುರುವಾರ. ಪ್ರತಿ ಪೇಟೆಯ ಮರುದಿನ ನಿಮ್ಮ ವಾಣಿಜ್ಯ ಪುಟದಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಎಂದು ತಳಿವಾರು ಮೂರು ಸಾಲಿನ ದರಪಟ್ಟಿ ಬರುತ್ತದೆ. ಆ ಮೂರು ಸಾಲಿನ ಹಿಂದೆ ಏನಿದೆ ಎಂದು ನೋಡಲು ಪೇಟೆಯಲ್ಲಿ ಒಂದು ಹಗಲು ಕಳೆಯಬೇಕು. ಶೀತಲಗೃಹಗಳಲ್ಲಿ ಹಿಂದಿನ ವರ್ಷದ ಮಾಲು ಎಷ್ಟಿದೆ? ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಲಾರಿಗಳು ಎಷ್ಟು, ನಮ್ಮ ತಾಲ್ಲೂಕಿನ ಟ್ರ್ಯಾಕ್ಟರುಗಳು ಎಷ್ಟು? 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ತಳಿಯ ಹೆಸರಿನಲ್ಲಿ ಬೇರೆ ತಳಿ ಎಷ್ಟು ಹೋಗುತ್ತಿದೆ? ಬಣ್ಣದ ಎಣ್ಣೆ ತೆಗೆಯುವ ಕಂಪನಿಗಳ ಖರೀದಿದಾರರು ಈ ವಾರ ಬಂದರೇ, ಬರಲಿಲ್ಲವೇ? ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಿಲೋಗೆ ಎಷ್ಟು ಕೂಲಿ, ಘಾಟಿನಲ್ಲಿ ಇಡೀ ದಿನ ಕುಳಿತ ಅವರ ಕೆಮ್ಮಿಗೆ ಯಾರು ಔಷಧ ಕೊಡುತ್ತಾರೆ? ಕೊನೆಯ ಪ್ರಶ್ನೆ ಬೆಂಕಿಗೆ ಸಂಬಂಧಿಸಿದ್ದಲ್ಲ, ಆದರೆ ಪೇಟೆಯಲ್ಲಿ ನಿಂತವರಿಗೆ ಮಾತ್ರ ಹೊಳೆಯುವಂಥದ್ದು.

ಮೂರೂ ಸಂದರ್ಭಗಳಲ್ಲಿ ನಾವು ಸ್ಫೋಟವನ್ನು ಸುದ್ದಿ ಎಂದೆವು. ಸ್ಫೋಟಕ್ಕೆ ಮುಂಚಿನ ತಿಂಗಳುಗಳು ಜನರಿಗೆ ಬರೀ ಬದುಕಾಗಿದ್ದವು. ನಾಳಿನ ಸ್ಫೋಟ ಇವತ್ತು ಎಲ್ಲಿ ಬದುಕಿನ ವೇಷದಲ್ಲಿದೆ ಎಂದು ನೋಡುವವರನ್ನೇ ನಾನು ವರದಿಗಾರರೆಂದು ಕರೆಯುವುದು.

ಊರಿನ ಒಳಗೂ ಬನ್ನಿ. ಹುಬ್ಬಳ್ಳಿ–ಧಾರವಾಡದ ಗೃಹಿಣಿಯರ ಪಂಚಾಂಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಿಂತ ದೊಡ್ಡ ದಿನ ನೀರು ಬರುವ ದಿನ. ಮದುವೆಯ ಸೀರೆ ತರುವುದು, ತವರಿಗೆ ಹೋಗುವುದು, ಮಗುವಿನ ಲಸಿಕೆ ಎಲ್ಲವೂ ಅದಕ್ಕೆ ಹೊಂದಿಕೊಂಡು ನಡೆಯುತ್ತವೆ. ಅವಳಿ ನಗರದ ಕೆಲವು ಬಡಾವಣೆಗಳಿಗೆ 2008ರ ಹೊತ್ತಿಗೇ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಟ್ಟರು. ದೇಶದ ನಾನಾ ಕಡೆಯಿಂದ ಅಧಿಕಾರಿಗಳು ಬಂದು ನೋಡಿ ಹೋದರು. ಅದೇ ಊರಿನ ಬೇರೆ ಓಣಿಗಳಲ್ಲಿ ಕೊಡ, ಬ್ಯಾರೆಲ್, ಸಿಂಟೆಕ್ಸ್‌ಗಳ ರಾಜ್ಯ ಮುಂದುವರಿಯಿತು. ಎರಡು ಓಣಿಗಳ ನಡುವೆ ಮನೆ ಬಾಡಿಗೆಯಲ್ಲಿ ಎಷ್ಟು ಅಂತರ? ನೀರಿನ ದಿನ ಕೆಲಸಕ್ಕೆ ಹೋಗದ ಹೆಂಗಸಿನ ಕೂಲಿ ವರ್ಷಕ್ಕೆ ಎಷ್ಟು ಹೋಯಿತು? ವಾಲ್ವ್ ತಿರುಗಿಸುವ ಮನುಷ್ಯನೊಬ್ಬ ಪ್ರತಿ ಓಣಿಗೂ ಇರುತ್ತಾನಲ್ಲ, ಆತನೊಂದಿಗೆ ಒಂದು ಬೆಳಗು ನಡೆದರೆ ಪೈಪಿನ ವಯಸ್ಸು, ಸೋರಿಕೆಯ ಜಾಗ, ಯಾವ ಮನೆಗೆ ಯಾಕೆ ನೀರು ಜಾಸ್ತಿ ಎಂಬುದೆಲ್ಲ ತಿಳಿಯುತ್ತದೆ. ಕಾರ್ಯನಿರ್ವಾಹಕ ಎಂಜಿನಿಯರರ ಹೇಳಿಕೆಯಲ್ಲಿ ಇದೊಂದೂ ಇರುವುದಿಲ್ಲ. ಅವರಿಗೂ ಗೊತ್ತಿರುವುದು ಅನುಮಾನ.

ಬಿಆರ್‌ಟಿಎಸ್ ಬಗ್ಗೆ, ಅಂದರೆ ಹುಬ್ಬಳ್ಳಿ, ಧಾರವಾಡಗಳ ನಡುವೆ ಬಸ್ಸುಗಳಿಗೇ ಮೀಸಲಾದ ಪಥದ ಬಗ್ಗೆ, ನೀವು ಸಾಕಷ್ಟು ಬರೆದಿದ್ದೀರಿ. ಅದರ ‘ಚಿಗರಿ’ ಬಸ್ಸು ಕೆಟ್ಟು ನಿಂತದ್ದು, ರಸ್ತೆಯಲ್ಲಿ ಮಳೆನೀರು ನಿಂತದ್ದು, ಯೋಜನೆಗೆ ಸುರಿದ ಕೋಟಿಗಳು. ಉಣಕಲ್ಲಿನಲ್ಲೋ ನವನಗರದಲ್ಲೋ ಒಬ್ಬ ವಯಸ್ಸಾದ ಹೆಂಗಸು ಕೈಯಲ್ಲಿ ತರಕಾರಿ ಚೀಲ ಹಿಡಿದು ಆ ಅಗಲದ ರಸ್ತೆ ದಾಟುವುದನ್ನು ಗಡಿಯಾರ ಹಿಡಿದು ನೋಡಿದ್ದೀರಾ? ಪಾದಚಾರಿಯ ನಡಿಗೆ ಸೆಕೆಂಡಿಗೆ 1.2 ಮೀಟರ್ ಎಂದು ಸಂಚಾರ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 36 ಮೀಟರ್ ಅಗಲದ ರಸ್ತೆ ಎಂದುಕೊಂಡರೆ 30 ಸೆಕೆಂಡು ಬೇಕು, ಅದೂ ಆರೋಗ್ಯವಂತರಿಗೆ. ಮೊಣಕಾಲು ನೋವಿನ ಅಜ್ಜಿಗೆ ಅಲ್ಲ. ಒಂದೊಂದು ಸಿಗ್ನಲ್ಲಿನಲ್ಲೂ ಹಸಿರು ದೀಪ ಎಷ್ಟು ಹೊತ್ತು ಉರಿಯುತ್ತದೆ, ರಸ್ತೆ ಎಷ್ಟು ಅಗಲವಿದೆ ಎಂದು ಅಳೆದು ಒಂದು ಕೋಷ್ಟಕ ಮಾಡಿ ಅಚ್ಚು ಹಾಕಿ. ಯಾರ ಹೇಳಿಕೆಯೂ ಬೇಕಿಲ್ಲ, ಯಾರೂ ಅಲ್ಲಗಳೆಯಲೂ ಆಗುವುದಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ಜಗತ್ತಿನಲ್ಲೇ ಉದ್ದದ್ದು ಎಂದು ನಾವೆಲ್ಲ ಹೆಮ್ಮೆ ಪಟ್ಟೆವು, ನಾನೂ ಮೊಮ್ಮಕ್ಕಳಿಗೆ ತೋರಿಸಿದೆ. ಅದೇ ನಡಿಗೆಯ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಇಪ್ಪತ್ತೊಂದು ನಿಮಿಷ. ದಾಖಲೆಯ ಬಗ್ಗೆ ಓದಿದಷ್ಟು, ಅದರ ಮೇಲೆ ಟ್ರಂಕು ಹೊತ್ತು ನಡೆಯುವವರ ಬಗ್ಗೆ ನಾನು ಓದಲಿಲ್ಲ.

ಖಾದಿಯ ರಾಷ್ಟ್ರಧ್ವಜ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಹೊಗಳಬೇಕು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಯ ಧ್ವಜಗಳಿಗೂ ಅನುಮತಿ ಸಿಕ್ಕಿತು. ಮರುವರ್ಷದ ಆಗಸ್ಟ್‌ನಲ್ಲಿ ರಸ್ತೆಬದಿಯಲ್ಲಿ ಮಾರಾಟವಾಗುತ್ತಿದ್ದ ಹೊಳಪಿನ ಧ್ವಜಗಳನ್ನು ಮುಟ್ಟಿ ನೋಡಿದವರಿಗೆ ಇದು ಖಾದಿಯಲ್ಲ ಎಂದು ಬೆರಳೇ ಹೇಳಿತು. ಅಲ್ಲಿಂದ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಘದ ಹೊಲಿಗೆ ಮನೆಗೆ, ಗರಗದ ಮಗ್ಗಗಳಿಗೆ, ನೂಲುವ ಹೆಣ್ಣುಮಕ್ಕಳ ಕೂಲಿಗೆ ವರದಿಗಳು ಹೋದವು. ಬೆರಳ ತುದಿಯಿಂದ ಶುರುವಾಗಿ ದೆಹಲಿಯ ಆದೇಶದವರೆಗೆ ಹೋದ ಸುದ್ದಿ. ತಕರಾರು ಇರುವುದು ಒಂದೇ: ಇದು ನಿಮಗೆ ಆಗಸ್ಟ್ ಮೊದಲ ವಾರದಲ್ಲಿ ಮಾತ್ರ ನೆನಪಾಗುತ್ತದೆ. ಫೆಬ್ರುವರಿಯಲ್ಲಿ ಆ ಹೆಣ್ಣುಮಕ್ಕಳು ಏನು ಮಾಡುತ್ತಿರುತ್ತಾರೆ?

ಶಾಲೆಯ ಮೊಟ್ಟೆಯದೂ ಹೀಗೆಯೇ. ಕಿರಾಣಿ ಅಂಗಡಿಯ ಮೊಟ್ಟೆಯ ದರ ಏರಿದ ದಿನ, ಬಿಸಿಯೂಟದ ಮೊಟ್ಟೆಗೆ ಸರ್ಕಾರ ಕೊಡುವ ದರ ಏರಿತೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿದರೆ ಸಾಕು. ವ್ಯತ್ಯಾಸವನ್ನು ಯಾರು ಭರಿಸುತ್ತಿದ್ದಾರೆ ಎಂಬುದು ಅವರ ಮುಖದಲ್ಲೇ ಬರೆದಿರುತ್ತದೆ.

ಶಕ್ತಿ ಯೋಜನೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಮೊದಲ ತಿಂಗಳುಗಳಲ್ಲಿ ನಾವು ಓದಿದ್ದು ನೂಕುನುಗ್ಗಲು, ಮುರಿದ ಬಾಗಿಲು, ಯಲ್ಲಮ್ಮನಗುಡ್ಡದ ಜಂಗುಳಿ. ನಗುವ ಧಾಟಿಯ ವರದಿಗಳೇ ಹೆಚ್ಚು. ಕುಂದಗೋಳದಿಂದ, ಕಲಘಟಗಿಯಿಂದ ಬೆಳಗಿನ ಬಸ್ಸಿಗೆ ಹತ್ತಿ ಹುಬ್ಬಳ್ಳಿಗೆ ಬರುವ ಹೆಂಗಸರ ನಡುವೆ ಒಂದು ತಿಂಗಳು, ಬೇಡ, ನಾಲ್ಕು ಬೆಳಗು ಕುಳಿತು ಬನ್ನಿ. ಯಾರು ಹೊಸದಾಗಿ ಕೆಲಸಕ್ಕೆ ಹತ್ತಿದರು, ಉಳಿದ ಬಸ್ ದುಡ್ಡು ಯಾವ ಸಂಘದ ಕಂತಿಗೆ ಹೋಯಿತು, ಹಳ್ಳಿಯ ಬಟ್ಟೆ ಅಂಗಡಿಯವನ ಗಲ್ಲೆ ಯಾಕೆ ಬರಿದಾಯಿತು, ಟೆಂಪೊ ಓಡಿಸುತ್ತಿದ್ದವನು ಈಗ ಏನು ಮಾಡುತ್ತಾನೆ. ಯೋಜನೆಯನ್ನು ಹೊಗಳುವವರಿಗೂ ತೆಗಳುವವರಿಗೂ ಆಗ ಮಾತನಾಡಲು ಏನಾದರೂ ಸಿಗುತ್ತದೆ. ಆದರೆ ನಿಮ್ಮ ವರದಿಗಾರರು ಬಸ್ಸಿನಲ್ಲಿ ಓಡಾಡುವುದಿಲ್ಲ. ಬೈಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಹೋಗುವವರಿಗೆ ಊರು ಕಾಣಿಸಬಹುದು, ಕೇಳಿಸುವುದಿಲ್ಲ. ಜೊತೆಗೆ ನಿಮ್ಮ ಕಚೇರಿಗಳಲ್ಲಿ ವರದಿಗಾರ್ತಿಯರು ಎಷ್ಟು ಜನ ಇದ್ದಾರೆ ಎಂಬುದನ್ನೂ ಎಣಿಸಿಕೊಳ್ಳಿ. ದುರ್ಗದಬೈಲಿನಲ್ಲಿ ಹಗಲೆಲ್ಲ ಕುಳಿತು ಮಾರುವ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆ ಗಂಡಸರಿಗೆ ಸುದ್ದಿಯಾಗಿ ಕಾಣಿಸಲು ತೀರ ತಡವಾಗುತ್ತದೆ.

ಕಂಡದ್ದೆಲ್ಲ ಸುದ್ದಿಯೇ ಎಂದು ನಾನು ಹೇಳುತ್ತಿಲ್ಲ. ಚಹಾದ ಅಂಗಡಿಯಲ್ಲಿ ಕೇಳಿದ್ದನ್ನು ಹಾಗೇ ಅಚ್ಚು ಹಾಕುವುದು ಪತ್ರಿಕೋದ್ಯಮವಲ್ಲ, ಚಾಡಿ. ಕಂಡದ್ದರ ಬೆನ್ನಿಗೆ ಕೆಲವು ಪ್ರಶ್ನೆಗಳು ಬೀಳಬೇಕು. ಇದು ಯಾವಾಗಿನಿಂದ ಹೀಗಿದೆ? ಪಕ್ಕದ ಊರಿನಲ್ಲೂ ಹೀಗೆಯೇ? ನಿಯಮ ಏನು ಹೇಳುತ್ತದೆ? ಇದರಿಂದ ಯಾರಿಗೆ ಲಾಭ? ಇದರ ಕಾಗದ ಯಾವ ಕಚೇರಿಯ ಯಾವ ಕಪಾಟಿನಲ್ಲಿದೆ? ಕೊನೆಯದು ಮುಖ್ಯ. ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಿಂದ ಹಿಡಿದು ಪಾಲಿಕೆಯ ಗುತ್ತಿಗೆ ಕರಾರಿನವರೆಗೆ ಬಹಳಷ್ಟು ಕಾಗದಗಳು ಕೇಳಿದರೆ ಸಿಗುವಂಥವು. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಪ್ರಕಾರ ಎಷ್ಟೋ ವಿವರಗಳನ್ನು ಕಚೇರಿಗಳು ಕೇಳದೆಯೇ ಪ್ರಕಟಿಸಬೇಕು. ಉಳಿದದ್ದಕ್ಕೆ ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಒಳ್ಳೆಯ ವರದಿಗಾರನ ಪ್ರಶ್ನೆ ಅಷ್ಟರೊಳಗೆ ಮುಗಿಯಲೇಬೇಕು ಎಂದು ನನ್ನ ಅಭಿಪ್ರಾಯ. ಇನ್ನೊಂದು ಮಾತು, ಬಸ್ಸಿನಲ್ಲಿ ಪಕ್ಕ ಕುಳಿತು ಕಷ್ಟ ಹೇಳಿಕೊಂಡವಳು ಪತ್ರಿಕೆಗೆ ಹೇಳಿಕೆ ಕೊಟ್ಟವಳಲ್ಲ. ನಾನು ಇಂಥವನು, ಇದನ್ನು ಬರೆಯಬಹುದೇ ಎಂದು ಕೇಳಿ, ಬೇಡವೆಂದರೆ ಸುಮ್ಮನಾಗಬೇಕು. ವಿಷಯದ ಎಳೆ ಸಿಕ್ಕಿತಲ್ಲ, ಅದನ್ನು ಹಿಡಿದು ಕಾಗದಗಳ ಕಡೆ ಹೋದರಾಯಿತು.

ಮತ್ತೆ, ದಯವಿಟ್ಟು, ಆ ಖಾಲಿ ದಿನವನ್ನು ಯಶೋಗಾಥೆಗಳಿಗೆ ಬಳಸಬೇಡಿ. ಎಂಜಿನಿಯರಿಂಗ್ ಕೆಲಸ ಬಿಟ್ಟು ಡ್ರ್ಯಾಗನ್ ಫ್ರೂಟ್ ಬೆಳೆದು ಲಕ್ಷ ಲಕ್ಷ ಗಳಿಸಿದ ಯುವಕನ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಮೂರು ವರ್ಷದ ಮೇಲೆ ಆ ತೋಟ ಏನಾಯಿತು ಎಂದು ಯಾರೂ ಹೋಗಿ ನೋಡಿದ್ದನ್ನು ಓದಿಲ್ಲ. ನೋಡಿ, ಇದೂ ಒಂದು ಸ್ಟೋರಿ. ಯಾರಾದರೂ ತೆಗೆದುಕೊಳ್ಳಬಹುದು.

ತಾಲ್ಲೂಕುಗಳ ಅರೆಕಾಲಿಕ ವರದಿಗಾರರ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದು ನಿಮಗೆ ಕಹಿಯಾಗುತ್ತದೆ. ರೋಣ, ಶಿರಹಟ್ಟಿ, ಸವಣೂರು, ಹಾನಗಲ್ಲಿನ ದಿನನಿತ್ಯದ ಬದುಕನ್ನು ಹುಬ್ಬಳ್ಳಿಯ ವರದಿಗಾರರಿಗಿಂತ ನೂರು ಪಾಲು ಚೆನ್ನಾಗಿ ಬಲ್ಲವರು ಅವರು. ಅಲ್ಲೇ ಹುಟ್ಟಿ ಬೆಳೆದವರು, ಗೊಬ್ಬರದ ಸರದಿಯಲ್ಲಿ ಅವರ ಅಣ್ಣನೇ ನಿಂತಿರುತ್ತಾನೆ. ಅವರಿಗೆ ನೀವು ಕೊಡುವ ಸಂಭಾವನೆ ಪೆಟ್ರೋಲಿಗೂ ಸಾಲದು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದರ ಮೇಲೆ ಜಾತ್ರೆ, ದೀಪಾವಳಿ, ರಾಜ್ಯೋತ್ಸವದ ಪುರವಣಿಗೆ ಇಂತಿಷ್ಟು ಜಾಹೀರಾತು ತರಬೇಕೆಂಬ ಗುರಿ. ಗೊಬ್ಬರದ ಅಂಗಡಿಯವನ ಬಳಿ ಅರ್ಧ ಪುಟದ ಶುಭಾಶಯ ಕೇಳಲು ಹೋದವನು, ದಾಸ್ತಾನಿನ ವಹಿ ತೋರಿಸಿ ಎಂದು ಹೇಗೆ ಕೇಳಿಯಾನು? ಯಾವ ಪತ್ರಿಕೆ ಎಂದು ಹೆಸರಿಸುವುದಿಲ್ಲ. ಓದಿದಾಗ ಚುಚ್ಚಿದರೆ ಅದು ನಿಮ್ಮದೇ. ವರದಿ ಮಾಡುವವರನ್ನು ಜಾಹೀರಾತಿನಿಂದ ಬಿಡಿಸಿ. ಅದಾಗದಿದ್ದರೆ ಖಾಲಿ ದಿನವೊಂದನ್ನೇ ಕೊಟ್ಟು ಪ್ರಯೋಜನವಿಲ್ಲ.

ಒಮ್ಮೆಗೇ ಎಲ್ಲರಿಗೂ ಕೊಡುವುದು ಕಷ್ಟವಾದರೆ ಒಬ್ಬರಿಂದ ಆರಂಭಿಸಿ. ಮುಂದಿನ ಗುರುವಾರ ಬ್ಯಾಡಗಿಗೆ ಒಬ್ಬರನ್ನು ಕಳುಹಿಸಿ, ದರಪಟ್ಟಿ ತರಬೇಡ ಎಂದು ಹೇಳಿ ಕಳುಹಿಸಿ. ಖರ್ಚಿನ ಪ್ರಶ್ನೆಯನ್ನು ಲೆಕ್ಕಪತ್ರ ವಿಭಾಗ ಎತ್ತುವುದು ಖಚಿತ, ಆ ವಿಭಾಗವನ್ನು ನಾನೂ ಬಲ್ಲೆ. ಸಾಮಾನ್ಯ ಬಸ್ಸಿನ ಹೋಗಿಬರುವ ಟಿಕೆಟ್ಟು, ಎರಡು ಹೊತ್ತಿನ ಚಹಾ, ಒಂದು ಊಟ. ವರದಿಗಾರ್ತಿಯನ್ನು ಕಳುಹಿಸಿದರೆ ಟಿಕೆಟ್ಟಿನ ಖರ್ಚೂ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಉಪಸಂಪಾದಕ
ಧಾರವಾಡ